ಸ್ವಂತ ಗಾಡಿಯಲ್ಲಿ ಪಾರ್ಸೆಲ್ ಡೆಲಿವರಿ: ಕೈಯಲ್ಲಿ ನಿಜವಾಗಿ ಎಷ್ಟು ಉಳಿಯುತ್ತದೆ?

"ಅಣ್ಣ, ಬೈಕ್ ಇದೆ, ಪಾರ್ಸೆಲ್ ಡೆಲಿವರಿಗೆ ಸೇರಿಕೊಳ್ಳಲಾ? ತಿಂಗಳಿಗೆ 30 ಸಾವಿರ ಬರುತ್ತಂತೆ, ಹೌದಾ?" ವಾರಕ್ಕೆ ಇಬ್ಬರು ಮೂವರು ಇದನ್ನೇ ಕೇಳುತ್ತಾರೆ. ಊರಿನಿಂದ ಬೆಂಗಳೂರಿಗೆ ಹೊಸದಾಗಿ ಬಂದ ಹುಡುಗರು ಕೇಳುತ್ತಾರೆ. ಫ್ಯಾಕ್ಟರಿ ಕೆಲಸ ಹೋದವರು ಕೇಳುತ್ತಾರೆ. ಇತ್ತೀಚೆಗೆ ಹೆಣ್ಣುಮಕ್ಕಳೂ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನಾನು ಎರಡು ವರ್ಷ ಬೈಕಿನಲ್ಲಿ ಪಾರ್ಸೆಲ್ ಹಂಚಿದ್ದೇನೆ. ಊಟದ ಡೆಲಿವರಿ ಬೇರೆ ಕಥೆ, ಅದರ ಬಗ್ಗೆ ಇಲ್ಲಿ ಹೇಳುವುದಿಲ್ಲ. ಆನ್‌ಲೈನಿನಲ್ಲಿ ಕೊಂಡ ಬಟ್ಟೆ, ಚಪ್ಪಲಿ, ಮೊಬೈಲು, ಮಿಕ್ಸಿ ಮನೆಗೆ ತಲುಪಿಸುವ ಕೆಲಸದ ಮಾತು ಮಾತ್ರ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಬ್ ನಿಮ್ಮ ಮನೆಗೆ ಹತ್ತಿರ ಇದ್ದು, ಕೊಡುವ ಏರಿಯಾದಲ್ಲಿ ಮನೆಗಳು ಒತ್ತೊತ್ತಾಗಿದ್ದರೆ ಈ ಕೆಲಸ ಮಾಡಬಹುದು. ಹಬ್ ದೂರ, ಏರಿಯಾ ಚದುರಿದೆ ಅಂದರೆ ಬೇಡ. ಒಂದು ಪಾರ್ಸೆಲ್‌ಗೆ ಎಷ್ಟು ಕೊಡುತ್ತಾರೆ ಅನ್ನುವುದು ಎರಡನೇ ಮಾತು. ಎಲ್ಲರೂ ಅದನ್ನೇ ಮೊದಲು ಕೇಳುತ್ತಾರೆ, ಅಲ್ಲೇ ಎಡವುತ್ತಾರೆ.

ಹಬ್ ಅಂದರೆ ಪಾರ್ಸೆಲ್‌ಗಳು ಲಾರಿಯಲ್ಲಿ ಬಂದು ಇಳಿದು, ಏರಿಯಾವಾರು ಬೇರೆಯಾಗುವ ಗೋಡೌನು. ನಿಮ್ಮ ದಿನ ಶುರುವಾಗುವುದೂ ಮುಗಿಯುವುದೂ ಅಲ್ಲೇ.

ಹಂತ 1: ಯಾರ ಕೈಕೆಳಗೆ ಸೇರುತ್ತಿದ್ದೀರಿ ಅಂತ ತಿಳಿದುಕೊಳ್ಳಿ

ಮೂರು ಬಗೆ ಇದೆ.

ಒಂದು, ನೇರವಾಗಿ ಕಂಪನಿಯ ಆ್ಯಪ್‌ನಲ್ಲಿ ಸೇರುವುದು. ಅಮೆಜಾನ್ ಫ್ಲೆಕ್ಸ್ ಇಂಥದ್ದು. 2019ರಲ್ಲಿ ಬೆಂಗಳೂರು, ಮುಂಬೈ, ದೆಹಲಿಯಲ್ಲಿ ಶುರುವಾಯಿತು. ನಾಲ್ಕು ಗಂಟೆ, ಐದು ಗಂಟೆ ಅಂತ 'ಬ್ಲಾಕ್' ಹಿಡಿದು ಕೆಲಸ ಮಾಡಬೇಕು. ಶುರುವಾದಾಗ ಗಂಟೆಗೆ 120ರಿಂದ 140 ರೂಪಾಯಿ ಅಂತ ಹೇಳಿದ್ದರು. ಪೆಟ್ರೋಲು, ಗಾಡಿ ನಿಮ್ಮದೇ. ಬೇರೆ ಕೆಲಸದ ಜೊತೆ ಮಾಡುವವರಿಗೆ ಇದು ಸರಿ. ಆದರೆ ನಿಮಗೆ ಬೇಕಾದಾಗೆಲ್ಲ ಬ್ಲಾಕ್ ಸಿಗುತ್ತದೆ ಅಂತ ನಂಬಿ ಮನೆ ಬಾಡಿಗೆಗೆ ಒಪ್ಪಿಕೊಳ್ಳಬೇಡಿ.

ಎರಡು, ವೆಂಡರ್ ಮೂಲಕ ಸೇರುವುದು. ವೆಂಡರ್ ಅಂದರೆ ಕಂಪನಿಯಿಂದ ಒಂದು ಏರಿಯಾದ ಡೆಲಿವರಿ ಗುತ್ತಿಗೆ ಹಿಡಿದು, ತನ್ನ ಹುಡುಗರಿಂದ ಮಾಡಿಸುವ ಮಧ್ಯದವನು. ಟೀ ಶರ್ಟ್ ಮೇಲೆ ದೊಡ್ಡ ಕಂಪನಿಯ ಹೆಸರಿರುತ್ತದೆ, ದುಡ್ಡು ಕೊಡುವವನು ವೆಂಡರ್. ಪಾರ್ಸೆಲ್ ಲೆಕ್ಕದ ಕೆಲಸ ಹೆಚ್ಚಾಗಿ ಹೀಗೇ ನಡೆಯುತ್ತದೆ. ದುಡ್ಡಿನ ತಕರಾರು ಬಂದಾಗ ಕಂಪನಿ "ವೆಂಡರ್ ಕೇಳಿ" ಅನ್ನುತ್ತದೆ, ವೆಂಡರ್ "ಕಂಪನಿ ಕಟ್ ಮಾಡಿದೆ" ಅನ್ನುತ್ತಾನೆ. ಅದಕ್ಕೇ ಸೇರುವ ದಿನವೇ ದರ, ಪೇಮೆಂಟ್ ದಿನ, ಯಾವುದಕ್ಕೆ ಕಟ್ ಆಗುತ್ತದೆ ಅನ್ನುವುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ಬೇಡ.

ಮೂರು, ಸಂಬಳದ ಡೆಲಿವರಿ ಕೆಲಸ. ಕೈಗೆ ಬರುವುದು ಕಡಿಮೆ ಅನ್ನಿಸುತ್ತದೆ, ಆದರೆ ಪಿಎಫ್ (ಮುಂದಿನ ದಿನಗಳಿಗೆ ಕೂಡಿಡುವ ದುಡ್ಡು) ಮತ್ತು ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಇರುತ್ತದೆ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐಗೆ ಬರುತ್ತೀರಿ. ನಿಮ್ಮಿಂದ ಕಟ್ಟಾಗುವುದು ಶೇಕಡಾ 0.75, ಮಾಲೀಕ ಕಟ್ಟುವುದು ಶೇಕಡಾ 3.25. ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಸಿಗುತ್ತದೆ. ಬಿದ್ದು ಕಾಲು ಮುರಿದುಕೊಂಡರೆ ರಜೆಯ ದಿನಗಳಿಗೂ ಸ್ವಲ್ಪ ದುಡ್ಡು ಬರುತ್ತದೆ. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇರುವವರು ಈ ಮೂರನೆಯದನ್ನು ಸುಮ್ನೆ ತಳ್ಳಿಹಾಕಬೇಡಿ. ಪಾರ್ಸೆಲ್ ಲೆಕ್ಕದಲ್ಲಿ ಎರಡು ಮೂರು ಸಾವಿರ ಜಾಸ್ತಿ ಬಂದರೂ, ಒಂದು ಸಲ ಆಸ್ಪತ್ರೆ ಸೇರಿದರೆ ಅದು ಪೂರ್ತಿ ಹೋಗುತ್ತದೆ.

ಹಂತ 2: ಸೇರುವ ಮೊದಲು ಒಂದು ದಿನ ಹಬ್ ಮುಂದೆ ನಿಂತು ನೋಡಿ

ಬೆಳಿಗ್ಗೆ ಏಳಕ್ಕೆ ಹೋಗಿ, ಹೊರಗೆ ಟೀ ಅಂಗಡಿಯ ಹತ್ತಿರ ನಿಲ್ಲಿ. ಲಾರಿ ಎಷ್ಟು ಹೊತ್ತಿಗೆ ಬರುತ್ತದೆ ನೋಡಿ. ಹುಡುಗರು ಬ್ಯಾಗ್ ತುಂಬಿಕೊಂಡು ಎಷ್ಟು ಹೊತ್ತಿಗೆ ಹೊರಡುತ್ತಾರೆ ನೋಡಿ. ಲಾರಿ ಒಂಬತ್ತೂವರೆಗೆ ಬಂದರೆ ಏಳಕ್ಕೆ ಬಂದವರು ಎರಡೂವರೆ ಗಂಟೆ ಸುಮ್ಮನೆ ಕೂತಿರುತ್ತಾರೆ. ಆ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ನಾನು ಬಿಟ್ಟ ಮೊದಲ ಹಬ್‌ನಲ್ಲಿ ಇದೇ ಕಥೆ ಆಗಿತ್ತು.

ಆಮೇಲೆ ಅಲ್ಲಿ ಆರು ತಿಂಗಳಾದರೂ ಮಾಡಿದವರನ್ನು ಮಾತಿಗೆ ಎಳೆಯಿರಿ. "ಅಣ್ಣ, ದಿನಕ್ಕೆ ಎಷ್ಟು ಬರುತ್ತೆ?" ಅಂತ ಕೇಳಬೇಡಿ. ಒಳ್ಳೆಯ ದಿನದ ಲೆಕ್ಕ ಹೇಳುತ್ತಾರೆ, ಎಲ್ಲರೂ ಹಾಗೇ. ಹೀಗೆ ಕೇಳಿ: ಕಳೆದ ವಾರ ಬ್ಯಾಂಕಿಗೆ ಎಷ್ಟು ಬಿತ್ತು? ಎಷ್ಟು ದಿನ ಕೆಲಸ ಮಾಡಿದ್ದಕ್ಕೆ? ಡೆಲಿವರಿ ಆಗದೆ ವಾಪಸ್ ತಂದ ಪಾರ್ಸೆಲ್‌ಗೆ ಏನಾದರೂ ಕೊಡುತ್ತಾರಾ? ಗಿರಾಕಿಯ ಮನೆಯಿಂದ ರಿಟರ್ನ್ ತರುವುದಕ್ಕೆ ಎಷ್ಟು? ಹೊಸಬರಿಗೆ ಯಾವ ಏರಿಯಾ ಕೊಡುತ್ತಾರೆ?

ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಹಳಬರು ಒಳ್ಳೆಯ ರೂಟ್ ಬಿಟ್ಟುಕೊಡುವುದಿಲ್ಲ. ಹೊಸಬರಿಗೆ ಸಿಗುವುದು ಹೊರವಲಯದ ಲೇಔಟು: ಮಣ್ಣು ರಸ್ತೆ, ನಾಯಿಗಳು, ಅಡ್ರೆಸ್‌ನಲ್ಲಿ ಬರೀ "ಗಣೇಶ ದೇವಸ್ಥಾನದ ಹತ್ತಿರ" ಅಂತ ಇರುವ ಮನೆಗಳು. ಬೆಂಗಳೂರಿನಲ್ಲಿ ಒಂದು ಲೇಔಟ್‌ಗೆ ಎಷ್ಟು ಗಣೇಶ ದೇವಸ್ಥಾನ ಇರುತ್ತವೆ ಅಂತ ನಿಮಗೇ ಗೊತ್ತು.

ಒಳಗೆ ಟಾಯ್ಲೆಟ್ ಇದೆಯಾ ಅಂತಲೂ ನೋಡಿಕೊಳ್ಳಿ, ಮುಖ್ಯವಾಗಿ ಹೆಣ್ಣುಮಕ್ಕಳು. ಡೆಲಿವರಿ ದಾರಿಯಲ್ಲಿ ಬಳಸಬಹುದಾದ ಜಾಗ ಎಲ್ಲೆಲ್ಲಿ ಇದೆ ಅಂತ ಮೊದಲೇ ಗುರುತು ಮಾಡಿಕೊಳ್ಳಿ. ನೀರು ಕುಡಿಯದೇ ದಿನ ತಳ್ಳಿದವರು ಕಲ್ಲು, ಉರಿಮೂತ್ರ ಅಂತ ಒದ್ದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಎಚ್ಚರಿಕೆ: ಸೇರುವುದಕ್ಕೆ "ರಿಜಿಸ್ಟ್ರೇಷನ್ ಫೀಸ್" ಅಂತ ಯುಪಿಐಗೆ ದುಡ್ಡು ಕೇಳುವವರನ್ನು ನಂಬಬೇಡಿ. ಬ್ಯಾಗು, ಟೀ ಶರ್ಟಿಗೆ ದುಡ್ಡು ಹಿಡಿದುಕೊಳ್ಳುವ ಕಡೆ ಇವೆ, ಆದರೆ ಅದನ್ನೂ ಹಬ್‌ಗೆ ಹೋಗಿ, ಕಣ್ಣೆದುರಿಗೆ ಕೊಟ್ಟು, ರಸೀದಿ ತೆಗೆದುಕೊಳ್ಳಿ.

ಹಂತ 3: ಗಂಟೆ ಲೆಕ್ಕ ಹಾಕಿ

ಇದೇ ಈ ಬರಹದ ತಿರುಳು. ಒಂದು ನೋಟ್‌ಬುಕ್ ತೆಗೆದುಕೊಂಡು ನನ್ನ ಜೊತೆ ಲೆಕ್ಕ ಹಾಕಿ. ಕೆಳಗಿನ ಅಂಕಿಗಳು ಉದಾಹರಣೆಗೆ. ನಿಮ್ಮ ಹಬ್‌ನ ದರ, ನಿಮ್ಮ ಗಾಡಿಯ ಮೈಲೇಜ್ ಹಾಕಿಕೊಂಡು ಮತ್ತೆ ಮಾಡಿ.

ಮೊದಲನೇ ಹುಡುಗ. ಹಬ್ ಮನೆಯಿಂದ 8 ಕಿಲೋಮೀಟರ್. ಏರಿಯಾ ಚದುರಿದೆ. ದಿನಕ್ಕೆ 60 ಪಾರ್ಸೆಲ್ ತೆಗೆದುಕೊಂಡು ಹೋಗಿ 52 ಕೊಡುತ್ತಾನೆ. ಒಂದಕ್ಕೆ 14 ರೂಪಾಯಿ. ದಿನದ ದುಡಿಮೆ 728. ತಿಂಗಳಿಗೆ 26 ದಿನ ಅಂದರೆ 18,928. "ಹತ್ತೊಂಬತ್ತು ಸಾವಿರ ದುಡೀತೀನಿ" ಅಂತ ಮನೆಯಲ್ಲಿ ಹೇಳುತ್ತಾನೆ.

ಈಗ ಖರ್ಚು. ಮನೆ, ಹಬ್, ಏರಿಯಾ ಎಲ್ಲ ಸೇರಿ ದಿನಕ್ಕೆ 55 ಕಿಲೋಮೀಟರ್. ಭಾರ ಹೊತ್ತು, ನಿಂತು ನಿಂತು ಹೋಗುವ ಬೈಕಿಗೆ ಲೀಟರಿಗೆ 40 ಅಂತ ಇಟ್ಟುಕೊಳ್ಳಿ, ಶೋರೂಮಿನಲ್ಲಿ ಹೇಳಿದ 60 ಅಲ್ಲ. ಪೆಟ್ರೋಲ್ ಲೀಟರಿಗೆ 103 ಅಂತ ಹಿಡಿದರೆ 142 ರೂಪಾಯಿ. ಆಯಿಲ್, ಟಯರ್, ಚೈನ್ ಸ್ಪ್ರಾಕೆಟ್, ಬ್ರೇಕ್ ಶೂ ಸೇರಿ ಕಿಲೋಮೀಟರಿಗೆ 80 ಪೈಸೆ, ಅಂದರೆ 44 ರೂಪಾಯಿ. ಇನ್ನು ಗಾಡಿಯ ಸವಕಳಿ. ಒಂದು ಲಕ್ಷದ ಬೈಕು ಐದು ವರ್ಷ ಹೀಗೆ ಓಡಿ 30 ಸಾವಿರಕ್ಕೆ ಹೋದರೆ, ಕಿಲೋಮೀಟರಿಗೆ ಸುಮಾರು 82 ಪೈಸೆ ತೇಯುತ್ತದೆ. ದಿನಕ್ಕೆ 45. ಈ ದುಡ್ಡು ಜೇಬಿನಿಂದ ಇವತ್ತು ಹೋಗುವುದಿಲ್ಲ, ಅದಕ್ಕೇ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೈಕು ಕೈಕೊಟ್ಟ ದಿನ ಎಲ್ಲ ಒಟ್ಟಿಗೆ ಗೊತ್ತಾಗುತ್ತದೆ. ಇನ್ಶೂರೆನ್ಸ್ ದಿನಕ್ಕೆ 12, ಮೊಬೈಲ್ ರೀಚಾರ್ಜ್ 12.

ಒಟ್ಟು ಖರ್ಚು 255. ಉಳಿದದ್ದು 473. ತಿಂಗಳಿಗೆ 12,298. ಮನೆ ಬಿಟ್ಟಿದ್ದು ಬೆಳಿಗ್ಗೆ ಏಳಕ್ಕೆ, ಮನೆ ಸೇರಿದ್ದು ಸಂಜೆ ಐದೂವರೆಗೆ. ಹತ್ತೂವರೆ ಗಂಟೆ. ಗಂಟೆಗೆ ಬಿದ್ದದ್ದು 45 ರೂಪಾಯಿ.

ಎರಡನೇ ಹುಡುಗ. ಅದೇ ದರ, ಒಂದಕ್ಕೆ 14 ರೂಪಾಯಿ. ಆದರೆ ಹಬ್ ಮನೆಯಿಂದ 2 ಕಿಲೋಮೀಟರ್, ಏರಿಯಾದಲ್ಲಿ ನಾಲ್ಕೈದು ದೊಡ್ಡ ಅಪಾರ್ಟ್‌ಮೆಂಟು, ಉಳಿದದ್ದು ಒತ್ತೊತ್ತು ಮನೆಗಳು. 80 ತೆಗೆದುಕೊಂಡು 74 ಕೊಡುತ್ತಾನೆ. 1,036 ರೂಪಾಯಿ. ದಿನಕ್ಕೆ 30 ಕಿಲೋಮೀಟರ್, ಎಲ್ಲ ಖರ್ಚು 150. ಉಳಿದದ್ದು 886. ಒಂಬತ್ತೂವರೆ ಗಂಟೆ ಕೆಲಸ. ಗಂಟೆಗೆ 93 ರೂಪಾಯಿ, ತಿಂಗಳಿಗೆ 23 ಸಾವಿರ.

ನೋಡಿ, ಕಂಪನಿ ಕೊಡುವ ದರ ಒಂದೇ. ಕೈಯಲ್ಲಿ ಉಳಿದದ್ದು ಹೆಚ್ಚು ಕಮ್ಮಿ ಎರಡು ಪಟ್ಟು. ಆದ್ದರಿಂದ ಇನ್ನೊಂದು ಹಬ್‌ನಲ್ಲಿ ಒಂದು ರೂಪಾಯಿ ಜಾಸ್ತಿ ಕೊಡುತ್ತಾರೆ ಅಂತ ದಿನಾ ಹತ್ತು ಕಿಲೋಮೀಟರ್ ದೂರ ಹೋಗುವುದು ನಷ್ಟದ ಬಾಬ್ತು.

ಎಚ್ಚರಿಕೆ: ಮೈಸೂರು ದಸರಾ, ದೀಪಾವಳಿ ಸುತ್ತಮುತ್ತ ಆನ್‌ಲೈನ್ ಸೇಲ್ ಬರುತ್ತವೆ. ಆಗ ಪಾರ್ಸೆಲ್ ಸುರಿಯುತ್ತದೆ, ಇನ್ಸೆಂಟಿವ್ ಕೂಡ ಇರುತ್ತದೆ. ಆ ತಿಂಗಳ ದುಡಿಮೆ ನೋಡಿ ವರ್ಷದ ಲೆಕ್ಕ ಹಾಕಬೇಡಿ. ಹಬ್ಬ ಮುಗಿದ ಮೇಲೆ ಹೊಸದಾಗಿ ಸೇರಿದ ಹುಡುಗರು ಉಳಿದಿರುತ್ತಾರೆ, ಪಾರ್ಸೆಲ್ ಕಡಿಮೆಯಾಗಿರುತ್ತದೆ.

ಹಂತ 4: ಗಾಡಿ ಯಾವುದು?

ಇರುವ ಬೈಕಿನಲ್ಲೇ ಶುರು ಮಾಡಿ. ಈ ಕೆಲಸಕ್ಕೆ ಅಂತ ಸಾಲ ಮಾಡಿ ಹೊಸ ಬೈಕ್ ತೆಗೆದುಕೊಳ್ಳಬೇಡಿ.

ಬಾಡಿಗೆ ಇಲೆಕ್ಟ್ರಿಕ್ ಸ್ಕೂಟರ್ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಮೇಲಿನ ಲೆಕ್ಕವನ್ನೇ ಬಳಸಿ. ಮೊದಲನೇ ಹುಡುಗನಿಗೆ ಪೆಟ್ರೋಲ್, ರಿಪೇರಿ, ಸವಕಳಿ ಸೇರಿ ವಾರಕ್ಕೆ 1,386 ರೂಪಾಯಿ ಹೋಗುತ್ತದೆ. ಚಾರ್ಜಿಂಗ್ ಅಥವಾ ಬ್ಯಾಟರಿ ಬದಲಿಸುವ ಖರ್ಚೂ ಸೇರಿ ಬಾಡಿಗೆ ಅದಕ್ಕಿಂತ ಕಡಿಮೆ ಇದ್ದರೆ ಅವನಿಗೆ ಲಾಭ. ಎರಡನೇ ಹುಡುಗನಿಗೆ ವಾರಕ್ಕೆ 756 ಮಾತ್ರ ಹೋಗುತ್ತದೆ. ಅಷ್ಟು ಕಡಿಮೆಗೆ ಬಾಡಿಗೆ ಸ್ಕೂಟರ್ ಸಿಗುವುದು ಕಷ್ಟ, ಅವನಿಗೆ ಸ್ವಂತ ಬೈಕೇ ಸರಿ. ಗಂಟೆಗೆ 25 ಕಿಲೋಮೀಟರ್ ದಾಟದ, 250 ವ್ಯಾಟ್ ಒಳಗಿನ ಸ್ಕೂಟರ್‌ಗೆ ಲೈಸೆನ್ಸೂ ಬೇಡ, ನಂಬರ್ ಪ್ಲೇಟೂ ಬೇಡ. ಆದರೆ ರಿಂಗ್ ರೋಡಿನಲ್ಲಿ ಆ ವೇಗಕ್ಕೆ ಲಾರಿಗಳ ಪಕ್ಕ ಹೋಗುವುದು ಅಪಾಯ. ಒಳಗಿನ ಏರಿಯಾಗೆ ಮಾತ್ರ ಇಟ್ಟುಕೊಳ್ಳಿ.

ಟಾಟಾ ಏಸ್ ಥರದ ಸಣ್ಣ ಗೂಡ್ಸ್ ಗಾಡಿ ತೆಗೆದುಕೊಳ್ಳುವ ಆಸೆ ಇದ್ದರೆ, ದಯವಿಟ್ಟು ಈ ಲೆಕ್ಕ ಓದಿ. 5 ಲಕ್ಷ ಸಾಲ, ಶೇಕಡಾ 12ರ ಬಡ್ಡಿ, ಐದು ವರ್ಷ. ತಿಂಗಳ ಕಂತು 11,122. ದಿನಕ್ಕೆ 70 ಕಿಲೋಮೀಟರ್, ಲೀಟರಿಗೆ 16 ಮೈಲೇಜ್, ಡೀಸೆಲ್ 91 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 10,351. ಇನ್ಶೂರೆನ್ಸ್ ತಿಂಗಳಿಗೆ 2,500. ಗೂಡ್ಸ್ ಗಾಡಿಗೆ ಥರ್ಡ್ ಪಾರ್ಟಿ ಒಂದೇ ವರ್ಷಕ್ಕೆ 16 ಸಾವಿರ ದಾಟುತ್ತದೆ. ರಿಪೇರಿ, ಟಯರಿಗೆ 4,000. ಟ್ಯಾಕ್ಸು, ಎಫ್‌ಸಿಗೆ 700. ಎಫ್‌ಸಿ ಅಂದರೆ ಗಾಡಿ ಓಡಿಸಲು ಯೋಗ್ಯ ಅಂತ ಸಾರಿಗೆ ಇಲಾಖೆ ಕೊಡುವ ಪತ್ರ. ಒಟ್ಟು 28,673. ವೆಂಡರ್ ಗಾಡಿ, ಡ್ರೈವರ್ ಸೇರಿಸಿ ತಿಂಗಳಿಗೆ 45,000 ಕೊಟ್ಟರೆ ಉಳಿಯುವುದು 16,327. ದಿನಕ್ಕೆ 12 ಗಂಟೆ ದುಡಿದರೆ ಗಂಟೆಗೆ 52 ರೂಪಾಯಿ. ಪಾರ್ಸೆಲ್ ಜಾಸ್ತಿ ಅಂತ ಒಬ್ಬ ಹೆಲ್ಪರ್ ಇಟ್ಟುಕೊಂಡರೆ ಅವನ ಸಂಬಳಕ್ಕೇ ಹೋಯಿತು.

ಕಂತು ಮುಗಿದ ಮೇಲೆ ಗಾಡಿ ನಿಮ್ಮದಾಗುತ್ತದೆ, ನಿಜ. ಆದರೆ ವೆಂಡರ್ ಜೊತೆ ಐದು ವರ್ಷದ ಒಪ್ಪಂದ ಯಾರಿಗೂ ಇರುವುದಿಲ್ಲ. ಕೆಲಸ ನಿಂತರೂ ಕಂತು ನಿಲ್ಲುವುದಿಲ್ಲ. ಮೊದಲು ಬೇರೆಯವರ ಗಾಡಿಗೆ ಮೂರು ತಿಂಗಳು ಡ್ರೈವರ್ ಆಗಿ ಹೋಗಿ ನೋಡಿ. ಕಾರಿನ ಲೈಸೆನ್ಸ್, ಅಂದರೆ ಎಲ್‌ಎಂವಿ ಇದ್ದರೆ ಸಾಕು. 7,500 ಕಿಲೋ ಒಳಗಿನ ಸಾಗಣೆ ಗಾಡಿಯನ್ನು ಅದರಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಗಾಡಿ, ಸರಕು ಸೇರಿ 3,000 ಕಿಲೋ ದಾಟದಿದ್ದರೆ ಪರ್ಮಿಟ್ ಕೂಡ ಬೇಕಿಲ್ಲ.

ಹಂತ 5: ಇನ್ಶೂರೆನ್ಸ್ ಪೇಪರ್ ಓದಿ

ಇದನ್ನು ಹತ್ತರಲ್ಲಿ ಒಂಬತ್ತು ಜನ ಮಾಡುವುದಿಲ್ಲ. ಬಿಳಿ ಬೋರ್ಡ್ ಬೈಕಿನ ಸಾಮಾನ್ಯ ಪಾಲಿಸಿಯಲ್ಲಿ ಒಂದು ಸಾಲು ಇರುತ್ತದೆ: ಬಾಡಿಗೆಗೆ ಅಥವಾ ಸರಕು ಸಾಗಿಸಲು ಬಳಸಿದರೆ ಈ ರಕ್ಷಣೆ ಇಲ್ಲ ಅಂತ. ಸ್ವಂತ ಲಗೇಜ್ ಪರವಾಗಿಲ್ಲ, ಪಾರ್ಸೆಲ್ ಚೀಲ ಅಲ್ಲ. ಡೆಲಿವರಿ ಮಾಡುವಾಗ ಗಾಡಿ ಜಖಂ ಆದರೆ ಕ್ಲೈಮ್ ತಿರಸ್ಕರಿಸಲು ಈ ಸಾಲು ಸಾಕು. ನಿಮ್ಮ ಏಜೆಂಟರ ಹತ್ತಿರ ಡೆಲಿವರಿ ಕೆಲಸ ಮಾಡುತ್ತೇನೆ ಅಂತ ಬಾಯಿಬಿಟ್ಟು ಹೇಳಿ, ಏನು ದಾರಿ ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮುಚ್ಚಿಡಬೇಡಿ. ಮಾಲೀಕ ತಾನೇ ಓಡಿಸುವಾಗ ಸತ್ತರೆ 15 ಲಕ್ಷ ಕೊಡುವ ಪರ್ಸನಲ್ ಆ್ಯಕ್ಸಿಡೆಂಟ್ ರಕ್ಷಣೆ ಪಾಲಿಸಿಯಲ್ಲಿ ಸೇರಿದೆಯಾ ಅಂತಲೂ ನೋಡಿ. ಅದಕ್ಕೂ ಇದೇ ಪ್ರಶ್ನೆ ಕೇಳಿ.

ಹಂತ 6: ಸರ್ಕಾರದ ಲೆಕ್ಕಕ್ಕೆ ಹೆಸರು ಬರೆಸಿ

ಮೊದಲು ಇ-ಶ್ರಮ್ ಕಾರ್ಡ್, ಅಂದರೆ ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಕಾರ್ಡ್. ಆಧಾರ್‌ಗೆ ಲಿಂಕ್ ಆದ ಮೊಬೈಲ್ ಇದ್ದರೆ ನೀವೇ ಮಾಡಿಕೊಳ್ಳಬಹುದು. 12 ಅಂಕಿಯ ನಂಬರ್ ಸಿಗುತ್ತದೆ.

ಆಮೇಲೆ ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲ್ ಸೇವಾ ಸಿಂಧುವಿನಲ್ಲಿ ಕರ್ನಾಟಕ ರಾಜ್ಯ ಗಿಗ್ ಕಾರ್ಮಿಕರ ವಿಮಾ ಯೋಜನೆ. 'ಗಿಗ್' ಅಂದರೆ ಸಂಬಳವಿಲ್ಲದೆ, ಮಾಡಿದ ಒಂದೊಂದು ಕೆಲಸಕ್ಕೆ ದುಡ್ಡು ಪಡೆಯುವ ನಮ್ಮಂಥವರು. 18ರಿಂದ 60 ವರ್ಷದ ಒಳಗಿನವರು, ಆದಾಯ ತೆರಿಗೆ ಕಟ್ಟದವರು, ಪಿಎಫ್ ಮತ್ತು ಇಎಸ್‌ಐ ಇಲ್ಲದವರು ಸೇರಬಹುದು. ಪ್ರೀಮಿಯಂ ಸರ್ಕಾರವೇ ಕಟ್ಟುತ್ತದೆ. ಅಪಘಾತದಲ್ಲಿ ಸತ್ತರೆ ಜೀವ ವಿಮೆ 2 ಲಕ್ಷ, ಅಪಘಾತ ವಿಮೆ 2 ಲಕ್ಷ, ಒಟ್ಟು 4 ಲಕ್ಷ ಮನೆಯವರಿಗೆ. ನಾಮಿನಿ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಬರೆಯಿರಿ. ಮತ್ತೆ ನಾಮಿನಿಗೆ ಇದರ ವಿಷಯ ಹೇಳಿ, ಪೇಪರ್ ಎಲ್ಲಿದೆ ತೋರಿಸಿ. ಗೊತ್ತೇ ಇಲ್ಲದ ದುಡ್ಡನ್ನು ಯಾರು ಹೋಗಿ ಕೇಳುತ್ತಾರೆ?

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿಯೇ ಕಾನೂನು ಬಂದಿದೆ. ಕಂಪನಿಗಳು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು ಅಂತ ಅದರಲ್ಲಿದೆ. ನಿಮಗೆ ದಿನದ ಬಳಕೆಗೆ ಬೇಕಾದ ಅಂಶಗಳು ಬೇರೆ. ಒಪ್ಪಂದದ ಷರತ್ತು ಬದಲಿಸುವ ಮೊದಲು 14 ದಿನದ ನೋಟಿಸ್ ಕೊಡಬೇಕು. ಕೆಲಸದಿಂದ ತೆಗೆಯಲು ಕಾರಣ ಬರೆದು ಕೊಡಬೇಕು, ಅದಕ್ಕೂ 14 ದಿನ ಮೊದಲು. ದುಡ್ಡು ಕಟ್ ಮಾಡಿದರೆ ಯಾಕೆ ಅಂತ ತಿಳಿಸಬೇಕು. "ನಾಳೆಯಿಂದ ರೇಟ್ ಎರಡು ರೂಪಾಯಿ ಕಮ್ಮಿ" ಅಂತ ರಾತ್ರಿ ಗ್ರೂಪಿನಲ್ಲಿ ಮೆಸೇಜ್ ಬಂದರೆ ಸುಮ್ನೆ ಇರಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಜಗಳಕ್ಕೆ ಹೋಗಿ ಅಂತ ಹೇಳುತ್ತಿಲ್ಲ. ನಾಲ್ಕು ಜನ ಒಟ್ಟಿಗೆ ಹೋಗಿ ಕಾನೂನಿನ ಹೆಸರು ಎತ್ತಿ ಕೇಳಿ, ಮಾತಿನ ಧಾಟಿ ಬದಲಾಗುತ್ತದೆ.

ಹಂತ 7: ಮೊದಲ ಹದಿನೈದು ದಿನ

ಚೀಲ ತುಂಬುವುದನ್ನು ಕಲಿಯಿರಿ. ಸ್ಕ್ಯಾನ್ ಆದ ಪಾರ್ಸೆಲ್‌ಗಳನ್ನು ನೆಲದ ಮೇಲೆ ಹರಡಿ, ರಸ್ತೆವಾರು ಗುಡ್ಡೆ ಮಾಡಿ. ಒಂದೊಂದರ ಮೇಲೂ ದಪ್ಪ ಮಾರ್ಕರ್‌ನಲ್ಲಿ ಕ್ರಾಸ್ ಮತ್ತು ಮನೆ ನಂಬರ್ ದೊಡ್ಡದಾಗಿ ಬರೆಯಿರಿ: '4/112', ಅಂದರೆ 4ನೇ ಕ್ರಾಸ್, 112. ಕ್ಯಾಶ್ ಇರುವುದಕ್ಕೆ ಒಂದು ಸುತ್ತು ಹಾಕಿ. ಆಮೇಲೆ ಕೊನೆಯ ರಸ್ತೆಯದು ಚೀಲದ ತಳಕ್ಕೆ, ಮೊದಲ ರಸ್ತೆಯದು ಮೇಲಕ್ಕೆ. ಇದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹೊಸಬರು ಅವಸರದಲ್ಲಿ ಸಿಕ್ಕಿದ ಹಾಗೆ ತುಂಬಿ ಹೊರಡುತ್ತಾರೆ, ಆಮೇಲೆ ಪ್ರತಿ ಗೇಟಿನ ಮುಂದೆ ಚೀಲ ಬಗ್ಗಿ ಬಗ್ಗಿ ಹುಡುಕುತ್ತಾರೆ. ಒಂದು ಪಾರ್ಸೆಲ್‌ಗೆ ಒಂದೇ ನಿಮಿಷ ಹುಡುಕಿದರೂ 60ಕ್ಕೆ ಒಂದು ಗಂಟೆ ಹೋಯಿತು, ಸೊಂಟವೂ ಹೋಯಿತು. ಭಾರದ್ದು ತಳದಲ್ಲಿರಲಿ, ಹಿಂದಿನ ಚಕ್ರದ ಗಾಳಿ ವಾರಕ್ಕೆ ಎರಡು ಸಲ ನೋಡಿ.

ಮನೆ ಹತ್ತಿರ ಹೋಗಿ ಫೋನ್ ಮಾಡಬೇಡಿ. ಹಿಂದಿನ ರಸ್ತೆಯಲ್ಲಿ ಇರುವಾಗಲೇ ಮಾಡಿ. "ಮೇಡಂ, ಪಾರ್ಸೆಲ್ ಇದೆ, ಐದು ನಿಮಿಷಕ್ಕೆ ಬರ್ತೀನಿ, ಮನೇಲಿ ಇದ್ದೀರಾ?" ಅಷ್ಟು ಸಾಕು. ಪಕ್ಕದ ಮನೆಯ ಆಂಟಿ, ಕೆಳಗಿನ ಅಂಗಡಿಯವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಅಣ್ಣ, ಇವರ ಪರಿಚಯ ಇಟ್ಟುಕೊಂಡರೆ ಎರಡನೇ ತಿಂಗಳಿನಿಂದ ಕೆಲಸ ಅರ್ಧ ಹಗುರ. ಆದರೆ ಗಿರಾಕಿ ಫೋನಿನಲ್ಲಿ ಒಪ್ಪದೆ ಯಾರ ಕೈಗೂ ಕೊಡಬೇಡಿ.

ಮನೆಗೆ ಹೋಗದೆ "ಗಿರಾಕಿ ಇರಲಿಲ್ಲ" ಅಂತ ಆ್ಯಪ್‌ನಲ್ಲಿ ಒತ್ತಬೇಡಿ. ಇದಕ್ಕೆ ಫೇಕ್ ಅಟೆಂಪ್ಟ್ ಅನ್ನುತ್ತಾರೆ. ಗಿರಾಕಿ ದೂರು ಕೊಟ್ಟರೆ, ನೀವು ನಿಂತ ಜಾಗ ಆ್ಯಪ್‌ನಲ್ಲೇ ಕಾಣುತ್ತದೆ. ಐಡಿ ಬ್ಲಾಕ್ ಆಗುತ್ತದೆ.

ಒಟಿಪಿ ತೆಗೆದುಕೊಂಡ ಮೇಲೆ ಪಾರ್ಸೆಲ್ ನಿಮ್ಮ ಕೈಯಲ್ಲಿ ಒಂದು ಕ್ಷಣವೂ ಇರಬಾರದು. ಮೊಬೈಲ್ ಫೋನಿನಂಥ ಬೆಲೆಬಾಳುವ ವಸ್ತುವಿಗೆ 'ಓಪನ್ ಬಾಕ್ಸ್' ಇರುತ್ತದೆ: ಗಿರಾಕಿಯ ಮುಂದೆ ಬಿಚ್ಚಿ ತೋರಿಸಿ, ಅವರು ಸರಿ ಅಂದ ಮೇಲೆ ಒಟಿಪಿ. ಆ ಕ್ರಮ ತಪ್ಪಿಸಬೇಡಿ, ಗಿರಾಕಿ ಅವಸರ ಮಾಡಿದರೂ ಸರಿ. ರಿಟರ್ನ್ ತರುವಾಗ ಡಬ್ಬ ಬಿಚ್ಚಿ, ಒಳಗಿರುವುದು ಅದೇ ವಸ್ತುವಾ ಅಂತ ನೋಡಿ. ಶೂ ಬದಲು ಹಳೇ ಚಪ್ಪಲಿ ಇಟ್ಟು ಕೊಟ್ಟವರೂ ಇದ್ದಾರೆ.

ಹಂತ 8: ಕ್ಯಾಶ್ ಮತ್ತು ಡೆಬಿಟ್

ಡೆಬಿಟ್ ಅಂದರೆ ನಿಮ್ಮ ದುಡಿಮೆಯಿಂದ ಕಟ್ ಮಾಡುವ ದುಡ್ಡು. ಈ ಕೆಲಸದಲ್ಲಿ ಜನ ಸೋತು ಬಿಡುವುದು ಬಿಸಿಲಿಗೆ ಅಲ್ಲ, ಇದಕ್ಕೆ.

ನನಗೆ ಆಗಿದ್ದು ಹೇಳುತ್ತೇನೆ. ಒಂದು ಸಂಜೆ ಆರು ಪಾರ್ಸೆಲ್ ವಾಪಸ್ ತಂದು ಹಬ್‌ನಲ್ಲಿ ಕೊಟ್ಟೆ. ಜೋರು ಮಳೆ, ಎಲ್ಲರಿಗೂ ಅವಸರ. ಅಲ್ಲಿದ್ದವರು ಐದು ಸ್ಕ್ಯಾನ್ ಮಾಡಿದರು, ಒಂದು ಬಿಟ್ಟರು. ನಾನು ನೋಡಲಿಲ್ಲ. ಹತ್ತು ದಿನ ಆದಮೇಲೆ 2,340 ರೂಪಾಯಿ ಕಟ್. ಅದು ನನ್ನ ನಾಲ್ಕೈದು ದಿನದ ದುಡಿಮೆ. ಕೊಟ್ಟಿದ್ದೇನೆ ಅನ್ನುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಮಾರನೇ ದಿನದಿಂದ ವಾಪಸ್ ಕೊಡುವ ಪಾರ್ಸೆಲ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಬಾರ್‌ಕೋಡ್ ಕಾಣುವ ಹಾಗೆ ಒಂದು ಫೋಟೋ ತೆಗೆಯಲು ಶುರು ಮಾಡಿದೆ. ಆಮೇಲೆ ಆ್ಯಪ್‌ನಲ್ಲಿ ಬಾಕಿ ಸೊನ್ನೆ ಅಂತ ತೋರಿಸುವ ಸ್ಕ್ರೀನ್‌ಶಾಟ್. ಅದಿಲ್ಲದೆ ಹಬ್ ಬಿಟ್ಟು ಬರಲಿಲ್ಲ. ನೀವೂ ಮೊದಲ ದಿನದಿಂದಲೇ ಮಾಡಿ.

ಹಬ್‌ನಲ್ಲಿ 'ಆರ್‌ಟಿಒ' ಅನ್ನುವ ಮಾತು ದಿನಾ ಕೇಳುತ್ತೀರಿ. ಸಾರಿಗೆ ಕಚೇರಿ ಅಲ್ಲ, ಗಿರಾಕಿ ಬೇಡ ಅಂದದ್ದು ಮಾರಿದವರಿಗೇ ವಾಪಸ್ ಹೋಗುವ ಪಾರ್ಸೆಲ್.

ಕ್ಯಾಶ್ ಆನ್ ಡೆಲಿವರಿಯ ದುಡ್ಡು ಬೇರೆ ಪರ್ಸಿನಲ್ಲಿ ಇರಲಿ. ಅದರಿಂದ ಪೆಟ್ರೋಲ್ ಹಾಕಿಸಬೇಡಿ, ಟೀ ಕುಡಿಯಬೇಡಿ, "ಸಂಜೆ ಹಾಕ್ತೀನಿ" ಅಂತ ಗೆಳೆಯನಿಗೆ ಕೊಡಬೇಡಿ. 500ರ ನೋಟು ಪ್ರತಿಯೊಂದೂ ಬೆಳಕಿಗೆ ಹಿಡಿದು ನೋಡಿ. ಗಿರಾಕಿ ಯುಪಿಐ ಅಂದರೆ ಕಂಪನಿ ಆ್ಯಪ್‌ನ ಕ್ಯೂಆರ್ ಮಾತ್ರ ತೋರಿಸಿ, ನಿಮ್ಮ ಸ್ವಂತ ನಂಬರ್ ಕೊಡಬೇಡಿ. ಅವರ ಮೊಬೈಲಿನಲ್ಲಿ ಹಸಿರು ಟಿಕ್ ಬಂದರೆ ಸಾಲದು, ನಿಮ್ಮ ಆ್ಯಪ್‌ನಲ್ಲಿ ಪೇಮೆಂಟ್ ಬಂತು ಅಂತ ತೋರಿಸುವವರೆಗೆ ನಿಲ್ಲಿ.

ಹಂತ 9: ಟಿಡಿಎಸ್ ವಾಪಸ್ ಪಡೆಯಿರಿ

ಟಿಡಿಎಸ್ ಅಂದರೆ ದುಡ್ಡು ಕೊಡುವವರು ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಗುತ್ತಿಗೆ ಕೆಲಸಕ್ಕೆ, ವರ್ಷದಲ್ಲಿ ಒಬ್ಬರಿಂದ ಬಂದದ್ದು ಒಂದು ಲಕ್ಷ ದಾಟಿದರೆ ಶೇಕಡಾ 1 ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇಕಡಾ 20. ವರ್ಷಕ್ಕೆ 2,70,000 ದುಡಿದವನಿಗೆ 2,700 ರೂಪಾಯಿ ಕಟ್ಟಾಗಿರುತ್ತದೆ. ನಮ್ಮ ಆದಾಯಕ್ಕೆ ತೆರಿಗೆ ಬರುವುದೇ ಇಲ್ಲ, ಆದ್ದರಿಂದ ರಿಟರ್ನ್ ಸಲ್ಲಿಸಿದರೆ ಅದು ಪೂರ್ತಿ ವಾಪಸ್ ಬರುತ್ತದೆ. ಸಣ್ಣ ವ್ಯಾಪಾರಿಗಳ ಸರಳ ಫಾರಂ, ಐಟಿಆರ್-4 ಸಾಕು. ನಿಮ್ಮ ಪ್ಯಾನ್‌ನಲ್ಲಿ ಎಷ್ಟು ಜಮೆಯಾಗಿದೆ ಅಂತ ಆದಾಯ ತೆರಿಗೆ ಪೋರ್ಟಲ್‌ನಲ್ಲೇ ನೋಡಬಹುದು. ಕಟ್ ಮಾಡಿ ಸರ್ಕಾರಕ್ಕೆ ಕಟ್ಟದ ವೆಂಡರ್‌ಗಳೂ ಇದ್ದಾರೆ, ಮೂರು ತಿಂಗಳಿಗೊಮ್ಮೆ ನೋಡಿ. ಎರಡು ಮೂರು ವರ್ಷ ರಿಟರ್ನ್ ಸಲ್ಲಿಸಿದ್ದರೆ ಮುಂದೆ ಬ್ಯಾಂಕ್ ಸಾಲಕ್ಕೂ ಅನುಕೂಲ.

ಹಂತ 10: ಮೂರು ತಿಂಗಳಿಗೆ ನೋಟ್‌ಬುಕ್ ತೆರೆಯಿರಿ

ದಿನಾ ರಾತ್ರಿ ಐದೇ ಅಂಕಿ ಬರೆದರೆ ಸಾಕು: ಮನೆ ಬಿಟ್ಟ ಹೊತ್ತು, ಮನೆ ಸೇರಿದ ಹೊತ್ತು, ಕೊಟ್ಟ ಪಾರ್ಸೆಲ್, ಓಡಿದ ಕಿಲೋಮೀಟರ್, ಡೆಬಿಟ್. ಮೂರು ತಿಂಗಳ ಕೊನೆಗೆ ಕೂಡಿಸಿ ಗಂಟೆಗೆ ಎಷ್ಟು ಬಿತ್ತು ನೋಡಿ. ನಿಮ್ಮ ಏರಿಯಾದಲ್ಲಿ ಸಂಬಳದ ಕೆಲಸಕ್ಕೆ ಪಿಎಫ್, ಇಎಸ್‌ಐ ಸೇರಿ ಗಂಟೆಗೆ ಎಷ್ಟು ಬೀಳುತ್ತದೆ ಅಂತ ಪಕ್ಕದಲ್ಲಿ ಬರೆಯಿರಿ. ನಿಮ್ಮದು ಅದಕ್ಕಿಂತ ಕಾಲು ಭಾಗವಾದರೂ ಜಾಸ್ತಿ ಇರಬೇಕು. ರಜೆ, ಕಾಯಿಲೆ, ಗಾಡಿ ರಿಪೇರಿಯ ದಿನಗಳಿಗೆ ಅಷ್ಟಾದರೂ ಬೇಕೇ ಬೇಕು. ಇಲ್ಲದಿದ್ದರೆ ಮೊದಲು ಹತ್ತಿರದ ಹಬ್‌ಗೆ ಬದಲಾಗಲು ನೋಡಿ, ಅಥವಾ ಒಳ್ಳೆಯ ರೂಟ್ ಕೇಳಿ. ಎರಡೂ ಆಗದಿದ್ದರೆ ಬಿಡಿ. ಇಷ್ಟು ದಿನ ಮಾಡಿದ್ದೇನೆ ಅನ್ನುವ ಕಾರಣಕ್ಕೆ ಉಳಿಯಬೇಡಿ.

ಬಿಡುವಾಗ ಸುಮ್ನೆ ಹೋಗುವುದು ನಿಲ್ಲಿಸಿದರೆ ಆಗುವುದಿಲ್ಲ. ಕೊನೆಯ ದಿನದ ಕ್ಯಾಶ್ ಕಟ್ಟಿ, ಬಾಕಿ ಏನೂ ಇಲ್ಲ ಅಂತ ವೆಂಡರ್‌ನಿಂದ ಮೆಸೇಜ್ ಪಡೆಯಿರಿ. ಬ್ಯಾಗು, ಐಡಿ ಕಾರ್ಡ್ ವಾಪಸ್ ಕೊಟ್ಟು ಡಿಪಾಸಿಟ್ ಕೇಳಿ. ಆ್ಯಪ್‌ನಲ್ಲಿ ನಿಮ್ಮ ಲಾಗಿನ್ ನಿಮ್ಮ ಎದುರಿಗೇ ತೆಗೆಸಿ. ನಿಮ್ಮ ಐಡಿಯಲ್ಲಿ ಬೇರೆಯವರು ಪಾರ್ಸೆಲ್ ತೆಗೆದುಕೊಂಡು ಹೋಗಿ ಏನಾದರೂ ಕಳೆದರೆ, ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ.